ಕಾರಣ ಸಂಖ್ಯೆ ಆರು

ಜನವರಿ 9

ಮರಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಬೇಕು. ಆದರೆ ನಿನ್ನ ಭಾವನಿಗೆ ನೆಗಡಿ, ನನಗೆ ಮಂಡಿನೋವು, ನಿನ್ನ ಅಕ್ಕನಿಗೆ ನಮ್ಮಿಬ್ಬರ ಕಾಟ. ಫೋನ್ ಮಾಡಬಾರದೇ ಅಂತೀಯ. ಫೋನಿನಲ್ಲಿ ನೀನು "ಹೂಂ, ಹೂಂ" ಅನ್ನುವುದು ಕೇಳಿದರೇ ಗೊತ್ತಾಗುತ್ತದೆ, ಆ ಕಡೆ ಇನ್ನೇನೋ ಕೆಲಸ ಮಾಡುತ್ತಿದ್ದೀಯ ಎಂದು. ಪತ್ರವಾದರೆ ಕೂತು ಓದಲೇಬೇಕು.

ಈಗ ಸುದ್ದಿ ಕೇಳು. ನಿಮ್ಮ ಸಂಶೋಧನಾ ಕಚೇರಿಯವರು ರಾಜ್ಯದ ತುಂಬ ಮನೆಮನೆ ಸಮೀಕ್ಷೆ ಮಾಡಿಸುತ್ತಿದ್ದೀರಲ್ಲ, ಜನರ ಓದು ಹೇಗಿದೆ, ದುಡಿಮೆ ಹೇಗಿದೆ, ಬಾಳುವೆ ಹೇಗಿದೆ ಅಂತ? ಅದಕ್ಕೆ ನಮ್ಮ ಭಾಗಕ್ಕೆ ಗಣತಿದಾರಳು ನಾನೇ! ನಿನ್ನ ಹೆಸರು ಹೇಳಲಿಲ್ಲ, ನಂಬು. ಮೇಲ್ವಿಚಾರಕ "ಈ ವಯಸ್ಸಲ್ಲಿ ಓಡಾಡೋಕಾಗುತ್ತಾ?" ಅಂದ. "ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದೆ ಕಣಪ್ಪ. ಇಲ್ಲಿನ ಅರ್ಧ ಜನ ಹುಟ್ಟಿ ಮೊದಲು ನೋಡಿದ್ದು ನನ್ನ ಮುಖಾನೇ. ಬಾಗಿಲು ತೆಗೀದೆ ಏನ್ ಮಾಡ್ತಾರೆ?" ಅಂದೆ. ಬಾಯಿ ಮುಚ್ಚಿಕೊಂಡು ಚೀಲ ಕೊಟ್ಟ.

ಆಸ್ಪತ್ರೆಯ ಕ್ವಾರ್ಟರ್ಸ್ ಬಿಟ್ಟು ಈ ಜಲ್ಲಿ ಯಂತ್ರದ ಕೇರಿಗೆ ನಿನ್ನ ಅಕ್ಕನ ಮನೆಗೆ ಬಂದು ಎರಡು ವರ್ಷವಾಯಿತು. ಸುಮ್ಮನೆ ಕೂತು ಕೂತು ತುಕ್ಕು ಹಿಡಿದಿದ್ದೆ. ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತುವುದಿಲ್ಲ, ಭಾವ ಲಾರಿ ಬಿಟ್ಟು ಇಳಿಯುವುದು ವಾರಕ್ಕೊಮ್ಮೆ. ಮಾತಿಗೆ ಸಿಗುವವಳು ಮೊಮ್ಮಗಳು ಗಿಣಿ ಒಬ್ಬಳೇ. ಅವಳೂ ಪಟ್ಟಣದ ಹಾಸ್ಟೆಲಿನಿಂದ ಶನಿವಾರವೇ ಬರುವುದು. ಶಾಲೆ ಬಿಡುವುದು ನಾಲ್ಕೂವರೆಗೆ, ನಮ್ಮ ಕೇರಿಯ ಕೊನೆಯ ಬಸ್ಸು ಹೊರಡುವುದು ಮೂರೂವರೆಗೆ. ಹಾಸ್ಟೆಲ್ ಇಲ್ಲದಿದ್ದರೆ ಅವಳ ಎಂಟನೇ ತರಗತಿ ಎಲ್ಲಿಂದ ಬರಬೇಕು! ಬಂದ ದಿನ ಬಾಗಿಲಲ್ಲಿ ಶುರು ಮಾಡಿದ ಮಾತು ಮರುದಿನ ಬಸ್ಸು ಹತ್ತುವವರೆಗೆ ನಿಲ್ಲುವುದಿಲ್ಲ.

ಪ್ರಶ್ನೆಪಟ್ಟಿ ಓದಿದೆ. ಮೂವತ್ತೊಂದನೇ ಪ್ರಶ್ನೆ, "ಶಾಲೆ ಬಿಟ್ಟ ಕಾರಣ", ನೀನೇ ಬರೆದದ್ದಂತೆ. ಒಂದು, ಶಾಲೆ ದೂರ. ಎರಡು, ಖರ್ಚು. ಮೂರು, ಮನೆಯಲ್ಲಿ ಆರೈಕೆ ಮತ್ತು ಕೆಲಸ. ನಾಲ್ಕು, ಮದುವೆ. ಐದು, ಕಾಯಿಲೆ. ಆರು, ಓದಿನಲ್ಲಿ ಆಸಕ್ತಿ ಇಲ್ಲ. ಏಳು, ಇತರೆ. ನನ್ನ ಮಗಳು ಬರೆದ ಪ್ರಶ್ನೆ ಹಿಡಿದು ನಾನು ಬಾಗಿಲು ತಟ್ಟುತ್ತೇನೆ ಅಂದರೆ ಸಣ್ಣ ಮಾತೇ?

ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಮ್ಮ


ಜನವರಿ 23

ಅಮ್ಮಾ,

ಕೂತು ಓದಿದೆ, ಬೇರೆ ಯಾವ ಕೆಲಸವನ್ನೂ ಮಾಡದೆ. ನೀನು ಗಣತಿದಾರಳಾದದ್ದು ಕೇಳಿ ನಮ್ಮ ನಿರ್ದೇಶಕಿ ನಕ್ಕರು. "ನಿಮ್ಮ ಮನೆತನವೇ ರಾಜ್ಯದ ಸೇವೆಗೆ ನಿಂತಿದೆ" ಅಂದರು.

ಮೂರು ಮಾತು ನೆನಪಿಡು. ಅವರ ಬಾಯಿಗೆ ನೀನು ಮಾತು ತುರುಕಬಾರದು, ಅವರು ಹೇಳಿದ್ದನ್ನೇ ಬರೆಯಬೇಕು. ಯಾವ ಮನೆಯ ಕಾಲಮ್ಮನ್ನೂ ಖಾಲಿ ಬಿಡಬಾರದು. ಅಕ್ಕನ ಮನೆ ಪಟ್ಟಿಯಲ್ಲಿ ಬಂದರೆ ಮೇಲ್ವಿಚಾರಕರಿಗೆ ಹೇಳಿ ಬೇರೆಯವರಿಂದ ಮಾಡಿಸು. ಸ್ವಂತ ಮನೆಯನ್ನು ಗಣತಿದಾರರು ಮಾಡುವಂತಿಲ್ಲ.

ನಿನಗೊಂದು ಗುಟ್ಟು ಹೇಳುತ್ತೇನೆ. ಆ ಪಟ್ಟಿಯಲ್ಲಿ ಮೊದಲು ಆರೇ ಕಾರಣ ಇದ್ದವು. "ಆಸಕ್ತಿ ಇಲ್ಲ" ಎಂಬುದನ್ನು ಹಟ ಹಿಡಿದು ಸೇರಿಸಿದವಳು ನಾನು. ಯಾರನ್ನು ನೆನೆದು ಹೇಳು? ಅಕ್ಕನನ್ನು! ಒಂಬತ್ತನೇ ತರಗತಿಯಲ್ಲಿ ಪುಸ್ತಕ ಮುಚ್ಚಿ "ನನಗೆ ಓದೋದಂದ್ರೆ ಆಗಲ್ಲ" ಅಂದಳಲ್ಲ. ನಾನು ಅವಳನ್ನು ಎಷ್ಟು ದಿನ "ದಡ್ಡಿ, ದಡ್ಡಿ" ಎಂದು ರೇಗಿಸಿದೆ, ನೆನಪಿದೆಯೇ? ಎಲ್ಲದಕ್ಕೂ ಬಡತನ, ಬಡತನ ಅಂತ ಹಾಡುವವರಿಗೆ ಇಂಥವರೂ ಇರುತ್ತಾರೆ ಅನ್ನುವುದು ಗೊತ್ತಾಗಲಿ. ಸಭೆಯಲ್ಲಿ ಎಲ್ಲರೂ ಒಪ್ಪಿಕೊಂಡರು.

ಮಂಡಿಗೆ ಎಣ್ಣೆ ಹಚ್ಚಿಕೋ. ದಾದಿಯರೇ ಔಷಧಿ ತಪ್ಪಿಸುವುದು.

ನಿನ್ನ ಮರಿ


ಮಾರ್ಚ್ 2

ಮರಿ,

ಮುಗಿಯಿತು. ಇನ್ನೂರ ಹನ್ನೆರಡು ಮನೆ. ಒಂದು ಜೊತೆ ಚಪ್ಪಲಿಯೂ ಮುಗಿಯಿತು.

"ಜೀವನದಲ್ಲಿ ತೃಪ್ತಿ ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ" ಅಂತ ಕೇಳುವುದಿದೆಯಲ್ಲ, ಆ ಪ್ರಶ್ನೆ ಬರೆದವರು ಯಾರೋ, ಅವರನ್ನು ನಮ್ಮ ಕೇರಿಗೆ ಒಂದು ಸಲ ಕಳಿಸು. ಜಲ್ಲಿ ಯಂತ್ರಕ್ಕೆ ಕಲ್ಲು ಸುರಿಯುವ ಮುದುಕ ಯೋಚಿಸಿ ಯೋಚಿಸಿ, "ಬೆಳಿಗ್ಗೆ ಕೇಳಿದ್ರೆ ಮೂರು ಸಿಸ್ಟರ್, ಊಟ ಆದ್ಮೇಲೆ ಕೇಳಿದ್ರೆ ಏಳು" ಅಂದ. ಐದು ಬರೆದೆ.

ಮೂವತ್ತೊಂದನೇ ಪ್ರಶ್ನೆಗೆ ಮಾತ್ರ ಎಲ್ಲ ಮನೆಯಲ್ಲೂ ಗಾಳಿ ನಿಂತ ಹಾಗಾಗುತ್ತದೆ. ಮೊದಲನೇ ದಿನವೇ ಒಂದು ಮನೆಯಲ್ಲಿ ಹದಿನಾಲ್ಕರ ಹುಡುಗಿ, ಸೊಂಟದ ಮೇಲೆ ತಮ್ಮ, ನನಗೆ ನೀರು ತಂದು ಕೊಟ್ಟಳು. ಅವಳು ಹುಟ್ಟುವಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು, ಬಿಡಿಸಿದ್ದು ನಾನೇ. ತಾಯಿ, "ಅವಳಿಗೇ ಇಷ್ಟ ಇಲ್ಲ ಸಿಸ್ಟರ್" ಅಂದಳು. ಹುಡುಗಿ ನನ್ನ ಮುಖ ನೋಡಿದಳು, ನಾನು ಹಾಳೆ ನೋಡಿದೆ. ಆರು ಅಂತ ಬರೆದೆ. ಆಮೇಲೆ ಅಭ್ಯಾಸವಾಗಿ ಹೋಯಿತು.

ನಿನ್ನ ಅಕ್ಕನ ಮನೆಯದನ್ನೂ ನಾನೇ ತುಂಬಿಸಿದೆ, ಬೈಯಬೇಡ. ಕೂತ ಜಾಗದಿಂದ ಎದ್ದು ಇನ್ನೊಬ್ಬರನ್ನು ಕರೆಸುವುದೇ? ಅವಳು ಗುಂಡಿ ಹೊಲಿಯುತ್ತ, "ಬೇಗ ಮುಗಿಸಮ್ಮ, ದಾರ ಸಿಕ್ಕಾಗ್ತಿದೆ" ಅಂದಳು.

ನಿನ್ನ ಅಮ್ಮ


ಜೂನ್ 18

ಅಮ್ಮಾ,

ಮೂರೂವರೆ ತಿಂಗಳು ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ವರದಿ ಮುಗಿಯಿತು! ನಲವತ್ತು ಸಾವಿರ ಮನೆ, ನಾನೂರು ಪುಟ. ಶಿಕ್ಷಣದ ಅಧ್ಯಾಯದ ಕೆಳಗೆ ನನ್ನ ಹೆಸರಿದೆ. ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದ್ದಾರೆ. ಈಗ ಕಿಟಕಿ ಇರುವ ಕೋಣೆ, ಕಿಟಕಿಯಾಚೆ ಇನ್ನೊಂದು ಕಚೇರಿಯ ಕಿಟಕಿ.

ಎಲ್ಲರ ಬಾಯಲ್ಲೂ ಈಗ ಒಂದೇ ಅಂಕಿ. ಶಾಲೆ ಬಿಟ್ಟ ಹುಡುಗಿಯರಲ್ಲಿ ನೂರಕ್ಕೆ ಅರವತ್ತೊಂದು ಮಂದಿಗೆ ಕಾರಣ ಆರು. ದೂರವಲ್ಲ, ಖರ್ಚಲ್ಲ, ಆಸಕ್ತಿಯೇ ಇಲ್ಲ. ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಮಂತ್ರಿಗಳ ಮುಂದೆ ನಾನೇ ಓದಿ ಹೇಳಿದೆ. "ಹಾಗಾದ್ರೆ ಇಷ್ಟು ವರ್ಷ ಹಾಸ್ಟೆಲ್ ಕಟ್ಟಿದ್ದು ಯಾಕ್ರೀ?" ಎಂದು ಕೇಳಿದರು. ಅರ್ಧ ಖಾಲಿ ಇರುವ ಹಾಸ್ಟೆಲುಗಳನ್ನು ಮುಚ್ಚಿ, ಅದೇ ಹಣದಲ್ಲಿ ಹುಡುಗಿಯರಿಗೆ ಓದಿನ ಹುಮ್ಮಸ್ಸು ತುಂಬುವ ಶಿಬಿರ ನಡೆಸಬೇಕು ಎಂಬ ಶಿಫಾರಸಿನ ಪ್ಯಾರಾ ಬರೆದವಳೂ ನಾನೇ.

ನಿನ್ನ ಇನ್ನೂರ ಹನ್ನೆರಡು ಮನೆಯೂ ಅದರಲ್ಲಿದೆ. ಒಂದು ಪ್ರತಿ ಕಳಿಸುತ್ತಿದ್ದೇನೆ. ಗಿಣಿಗೆ ಚಿತ್ರಗಳನ್ನು ತೋರಿಸು.

ನಿನ್ನ ಮರಿ


ಜುಲೈ 1

ಮರಿ,

ಪುಸ್ತಕ ಬಂತು. ನಿನ್ನ ಹೆಸರನ್ನು ಮೂರು ಸಲ ಮುಟ್ಟಿ ನೋಡಿದೆ. ಅದಾದ ನಾಲ್ಕನೇ ದಿನಕ್ಕೆ ಗಿಣಿ ಹಾಸ್ಟೆಲಿನಿಂದ ಚೀಟಿ ತಂದಳು. ಮುಚ್ಚುವ ಪಟ್ಟಿಯಲ್ಲಿ ನಮ್ಮದೂ ಇದೆ. ನಲವತ್ತು ಹಾಸಿಗೆ, ಹತ್ತೊಂಬತ್ತು ಹುಡುಗಿಯರು, ಅರ್ಧ ಖಾಲಿ. ಅಕ್ಟೋಬರ್ ಕೊನೆಗೆ ಬೀಗ.

ನಿನಗೆ ಹೇಳಬೇಕಾದದ್ದು ಇದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಇಪ್ಪತ್ತನಾಲ್ಕು ವರ್ಷ ಬಾಯಿ ಬಿಗಿಹಿಡಿದೆ. ಇನ್ನು ಆಗುವುದಿಲ್ಲ.

ಆ ಆರುಗಳೆಲ್ಲ ಜನ ಹೇಳಿದ್ದಲ್ಲ. ಕೆಲವರು ಹೇಳಿದರು, ನಿಜ. ಆದರೆ ಎಷ್ಟೋ ಮನೆಯಲ್ಲಿ, "ಕೂಸು ನೋಡ್ಕೊಳ್ಳೋಕೆ ಬಿಡಿಸಿದ್ವಿ ಸಿಸ್ಟರ್, ಆದ್ರೆ ಹಾಗಂತ ಬರೀಬೇಡಿ, ನಾಳೆ ಕೇಸು ಗೀಸು ಆದ್ರೆ?" ಅಂದರು. ಒಬ್ಬಳು ತಾಯಿ, ಗಂಡ ಒಳಗೆ ಮಲಗಿದ್ದ, ಬಾಯಿ ತೆರೆಯದೆ ಕಣ್ಣಲ್ಲೇ ಬೇಡ ಅಂದಳು. ಖಾಲಿ ಬಿಡಬಾರದು ಅಂತ ನೀನು ಹೇಳಿದ್ದೆ. ಎಲ್ಲಕ್ಕೂ ಆರು ಬರೆದೆ. ಆರು ಬರೆದರೆ ಯಾರ ಮಾನವೂ ಹೋಗುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ ಅಂದುಕೊಂಡೆ. ತಪ್ಪನ್ನು ಹುಡುಗಿಯ ಮೇಲೆ ಹಾಕಿದರೆ ಹುಡುಗಿ ಮಾತಾಡುವುದಿಲ್ಲವಲ್ಲ.

ಇದು ನನಗೆ ಹೊಸ ವಿದ್ಯೆಯೂ ಅಲ್ಲ. ನಿನ್ನ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಲಗಿದಾಗ ನಿನಗೆ ಒಂಬತ್ತು, ನಿನ್ನ ಅಕ್ಕನಿಗೆ ಹದಿನಾಲ್ಕು. ನಾನು ಕೆಲಸ ಬಿಟ್ಟರೆ ಊಟವಿಲ್ಲ, ಮನೆಯಿಲ್ಲ. ಅಪ್ಪನನ್ನು ಹೊರಳಿಸಲು, ತೊಳೆಯಲು, ಉಣ್ಣಿಸಲು ಯಾರಾದರೂ ಇರಲೇಬೇಕಿತ್ತು. ಅಂದು ನೀನು ಅಳುತ್ತ, "ನನ್ನನ್ನೂ ಬಿಡಿಸ್ತೀಯಾಮ್ಮ?" ಅಂದೆ. ಒಳಗಿನಿಂದ ಅವಳು ಬಂದು, ನಾನು ಏನೂ ಕೇಳುವ ಮೊದಲೇ, "ನನಗೆ ಓದೋದಂದ್ರೆ ಆಗಲ್ಲಮ್ಮ. ನಾನೇ ಇರ್ತೀನಿ" ಅಂದಳು. ಹಿಂದಿನ ವಾರ ತರಗತಿಗೇ ಮೊದಲು ಬಂದಿದ್ದಳು. ನನಗೆ ಗೊತ್ತಿತ್ತು. ಗೊತ್ತಿದ್ದೂ, "ಸರಿ ಬಿಡು, ಇಷ್ಟವಿಲ್ಲದ ಮೇಲೆ ಏನು ಮಾಡೋದು" ಅಂದೆ. ನೀನು ದಡ್ಡಿ ಅಂದಾಗ ಅವಳು ನಗುತ್ತಿದ್ದಳು, ನಾನು ಸುಮ್ಮನಿದ್ದೆ.

ಈಗ ಗಿಣಿಯ ಓದು ನಿನ್ನ ಕೈಯಲ್ಲಿದೆ. ಏನಾದರೂ ಮಾಡು.

ಅಮ್ಮ


ಜುಲೈ 27

ಅಮ್ಮಾ,

ಪತ್ರ ಬಂದು ಮೂರು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ.

ಕಚೇರಿಯ ನೆಲಮಾಳಿಗೆಯಲ್ಲಿ ಫಾರಂಗಳ ಕಟ್ಟುಗಳಿವೆ. ಹೋಗಿ ನಿನ್ನ ಕಟ್ಟನ್ನು ಬಿಚ್ಚಿದೆ. ಔಷಧಿ ಚೀಟಿಯ ಮೇಲೆ ಬರೆದ ಹಾಗೆ ಗುಂಡಗಿನ ಅಕ್ಷರ. ಅಕ್ಕನ ಸಾಲು ಸಿಕ್ಕಿತು. ವಯಸ್ಸು ಮೂವತ್ತೆಂಟು, ಕಲಿತದ್ದು ಎಂಟು, ಕಾರಣ ಆರು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗುಮಾಸ್ತರು ನೀರು ತಂದುಕೊಟ್ಟರು.

ನನಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ, ಅಮ್ಮಾ. ಆದರೆ ಸಿಟ್ಟು ಮಾಡಿಕೊಳ್ಳಲು ಹೋದರೆ ಅದು ನನ್ನ ಕಡೆಗೇ ತಿರುಗುತ್ತದೆ. ಅವಳ ಬೆನ್ನ ಮೇಲೆ ಕಾಲಿಟ್ಟು ಹತ್ತಿದವಳು ನಾನು. ಹತ್ತಿದ ಮೇಲೆ ಅವಳ ಹೆಸರಿನಲ್ಲೇ ಒಂದು ಕಾರಣ ಬರೆದು ರಾಜ್ಯಕ್ಕೆಲ್ಲ ಹಂಚಿದೆ. ಒಬ್ಬರಾದರೂ ನನಗೆ ಹೇಳಬಾರದಿತ್ತೇ?

ಒಂದೇ ದಾರಿ ಇದೆ. ಆ ಅಂಕಿ ತಪ್ಪು ಎಂದು ನಿರ್ದೇಶಕಿಗೆ ಬರೆದು ಕೊಡಬೇಕು. ಬರೆದರೆ ನಿನ್ನ ಹೆಸರು ಬರುತ್ತದೆ. ಸುಳ್ಳು ಫಾರಂ ತುಂಬಿದವಳು ಎಂದು ನಿನ್ನನ್ನು ಗಣತಿದಾರರ ಪಟ್ಟಿಯಿಂದ ತೆಗೆಯುತ್ತಾರೆ, ಕೇರಿಯಲ್ಲೆಲ್ಲ ಗೊತ್ತಾಗುತ್ತದೆ. ನೀನು ಬೇಡ ಅಂದರೆ ಬರೆಯುವುದಿಲ್ಲ.

ಮರಿ


ಆಗಸ್ಟ್ 4

ಬರಿ. ನನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರಿ. ಕೆಟ್ಟ ಮೇಲೆ ಬುದ್ಧಿ ಬಂತು, ಬಂದದ್ದು ಗಿಣಿಯ ಉಪಯೋಗಕ್ಕಾದರೂ ಬರಲಿ.

ಅಕ್ಕನಿಗೆ ಇದೇನೂ ಹೇಳಿಲ್ಲ. ನೀನೂ ಹೇಳಬೇಡ.

ಅಮ್ಮ


ಸೆಪ್ಟೆಂಬರ್ 19

ಅಮ್ಮಾ,

ಬರೆದು ಕೊಟ್ಟೆ. ಸಭೆ ಸೇರಿತು. ಎಲ್ಲರೂ ಗಂಭೀರವಾಗಿ ಕೇಳಿಸಿಕೊಂಡರು. ನಿನ್ನ ಇನ್ನೂರ ಹನ್ನೆರಡು ಫಾರಂಗಳನ್ನು ರದ್ದು ಮಾಡಿ ಮತ್ತೆ ಲೆಕ್ಕ ಹಾಕಿಸಿದರು.

ಅರವತ್ತೊಂದು ಅರವತ್ತೊಂದೇ ಉಳಿಯಿತು. ನಲವತ್ತು ಸಾವಿರದಲ್ಲಿ ಇನ್ನೂರು ಅಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಾನು ಅಂದೆ, "ನಮ್ಮಮ್ಮ ಒಬ್ಬರೇ ಹೀಗೆ ಬರೆದಿದ್ದಾರೆ ಅಂತ ಹೇಗೆ ಹೇಳ್ತೀರಿ? ಎಲ್ಲ ಮನೆಯಲ್ಲೂ ಇದೇ ಮಾತು ಹೇಳಿರಬಹುದಲ್ಲ." ನಿರ್ದೇಶಕಿ ಕನ್ನಡಕ ತೆಗೆದು, "ಪುರಾವೆ ಇದೆಯೇನಮ್ಮ? ನಿಮ್ಮ ಅಕ್ಕನ ಕಥೆ ಒಂದು ಮನೆಯ ಕಥೆ" ಅಂದರು. ಕೆಟ್ಟ ಹೆಂಗಸಲ್ಲ ಅವರು. ನಾನೂ ಹಿಂದೆ ಎಷ್ಟೋ ಜನರಿಗೆ ಇದೇ ಮಾತು ಹೇಳಿದ್ದೇನೆ. ಹಾಸ್ಟೆಲಿನ ಆದೇಶ ಹಾಗೇ ಇದೆ.

ಒಂದೇ ಒಂದು ಸಲಹೆ ಒಪ್ಪಿಕೊಂಡರು. ಮುಂದಿನ ಸುತ್ತಿಗೆ ಕಾಗದ ಬೇಡ, ಟ್ಯಾಬ್ ಕೊಡೋಣ; ಮನೆಯವರು ಹೇಳಿದ ತಕ್ಷಣ ಒತ್ತಬೇಕು, ಒಮ್ಮೆ ಒತ್ತಿದರೆ ಗಣತಿದಾರರು ಹಿಂದಕ್ಕೆ ಹೋಗಿ ತಿದ್ದಲಾಗಬಾರದು. ಇದೂ ನನ್ನದೇ ಸಲಹೆ.

ಗಿಣಿಯನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ. ವರ್ಷದ ನಡುವೆ ಯಾವ ಶಾಲೆಯೂ ಸೇರಿಸಿಕೊಳ್ಳುತ್ತಿಲ್ಲ. ಜೂನ್ ತನಕ ಹೇಗಾದರೂ ಮಾಡಿ ಅವಳ ಹೆಸರು ಹಾಜರಿಯಲ್ಲಿ ಉಳಿಯಬೇಕು, ಅಮ್ಮಾ. ಜೂನ್ ತನಕ ಅಷ್ಟೇ.

ಮರಿ


ನವೆಂಬರ್ 11

ಮರಿ,

ಹಾಸ್ಟೆಲಿಗೆ ಬೀಗ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಹುಡುಗಿಯರು ತಗಡಿನ ಪೆಟ್ಟಿಗೆಗಳನ್ನು ಇಬ್ಬಿಬ್ಬರು ಹಿಡಿದು ಬಸ್ ನಿಲ್ದಾಣಕ್ಕೆ ಬಂದರು. ಅಡುಗೆಯವಳು ಎಲ್ಲರಿಗಿಂತ ಜೋರಾಗಿ ಅತ್ತಳು. ಹತ್ತೊಂಬತ್ತರಲ್ಲಿ ಹನ್ನೆರಡು ಹುಡುಗಿಯರು ಆಗಲೇ ಶಾಲೆಗೆ ಬರುತ್ತಿಲ್ಲ.

ಬಸ್ ಡಿಪೊದವನ ಹತ್ತಿರ ಹೋಗಿ ಕೊನೆಯ ಬಸ್ಸನ್ನು ಒಂದು ಗಂಟೆ ತಡಮಾಡಪ್ಪ ಅಂದೆ. "ಏಳು ಹುಡುಗೀರಿಗೋಸ್ಕರ ಬಸ್ ನಿಲ್ಸಕ್ಕಾಗುತ್ತಾ ಅಜ್ಜಿ?" ಅಂದ. ಅವನ ಹೆರಿಗೆಯನ್ನೂ ನಾನೇ ಮಾಡಿಸಿದ್ದು. ಹೇಳಲಿಲ್ಲ.

ನೀನು ಚಿಂತೆ ಮಾಡಬೇಡ. ಬೆಳಿಗ್ಗೆ ಅವಳು ಬಸ್ಸಿನಲ್ಲಿ ಹೋಗುತ್ತಾಳೆ. ಸಂಜೆ ನಾನು ಶಾಲೆಯ ಗೇಟಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಕಾಲುವೆ ದಂಡೆಯ ಮೇಲೆ ಏಳು ಕಿಲೋಮೀಟರು, ಅಜ್ಜಿ ಮೊಮ್ಮಗಳು ಮಾತಾಡಿಕೊಂಡು ಬರುತ್ತೇವೆ. ಮಾತಾಡುವುದು ಅವಳು, ಏದುಸಿರು ಬಿಡುವುದು ನಾನು. ಮನೆ ಮುಟ್ಟುವಾಗ ದೀಪ ಹಚ್ಚಿರುತ್ತಾರೆ. ನನ್ನ ತಪ್ಪಿನ ಕೂಲಿ ಇಷ್ಟೇ ಆದರೆ ಸೋವಿ ಆಯಿತು ಅಂದುಕೊಳ್ಳುತ್ತೇನೆ. ಜೂನ್‌ಗೆ ಇನ್ನು ಏಳು ತಿಂಗಳು ತಾನೇ?

ನಿನ್ನ ಅಮ್ಮ


ಮಾರ್ಚ್ 3

ಮರಿ,

ನನ್ನ ಅಕ್ಷರ ನೀನು ನೋಡಿ ಎಷ್ಟು ವರ್ಷವಾಯಿತೋ. ಅಮ್ಮನಿಗೆ ಕೂತು ಬರೆಯಲಾಗುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಅಮ್ಮ ಕಾಲುವೆ ದಂಡೆಯಿಂದ ಜಾರಿ ಬಿದ್ದಾಗ ನೀನು ಬಂದು ನಾಲ್ಕು ದಿನ ಇದ್ದು ಹೋದೆಯಲ್ಲ, ಆಮೇಲೆ ಸೊಂಟದ ಮೂಳೆ ಕೂಡಿಕೊಳ್ಳಲೇ ಇಲ್ಲ. ಇನ್ನು ಏಳುವುದಿಲ್ಲ ಅಂದಿದ್ದಾರೆ ಡಾಕ್ಟರು. ಹೊರಳಿಸಬೇಕು, ತೊಳೆಯಬೇಕು, ಉಣ್ಣಿಸಬೇಕು. ನನಗೆ ಆ ಕೆಲಸ ಹೊಸದಲ್ಲ. ಆದರೆ ನನ್ನ ಯಂತ್ರ ನಿಂತರೆ ಮನೆ ನಿಲ್ಲುತ್ತದೆ. ಜನವರಿಯಲ್ಲಿ ಒಂದು ಸೋಮವಾರ ಗಿಣಿ ಸಮವಸ್ತ್ರ ಹಾಕಿಕೊಳ್ಳಲಿಲ್ಲ. ಅಮ್ಮ ಬೈದಳು, ನಾನು ಹೊಡೆದೆ, ನೀನು ಫೋನಿನಲ್ಲಿ ಅವಳನ್ನು ಈಗಲೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವಳು ಅಮ್ಮನ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ. ಅಷ್ಟು ಮಾತಾಡುತ್ತಿದ್ದ ಹುಡುಗಿ, ಈಗ ಕರೆದರೆ ಬರುತ್ತಾಳೆ, ಹೇಳಿದ್ದು ಮಾಡುತ್ತಾಳೆ.

ನಿನ್ನೆ ಸಮೀಕ್ಷೆಯವಳು ಬಂದಿದ್ದಳು. ಚಿಕ್ಕ ವಯಸ್ಸಿನವಳು, ಕೈಯಲ್ಲಿ ಟ್ಯಾಬ್. ನೆಲ ಯಾವುದು, ನೀರು ಎಲ್ಲಿಂದ, ತೃಪ್ತಿ ಎಷ್ಟು, ಎಲ್ಲ ಕೇಳಿದಳು. ಆಮೇಲೆ, "ಹುಡುಗಿ ಶಾಲೆ ಬಿಟ್ಟ ಕಾರಣ?" ಅಂದಳು.

ನಾನು ಹೇಳಬೇಕೆಂದೇ ಬಾಯಿ ತೆರೆದೆ. ಹಾಸ್ಟೆಲ್ ಮುಚ್ಚಿದ್ದು, ಬಸ್ಸಿನ ಹೊತ್ತು, ದಂಡೆ, ಎಲ್ಲ ಗಂಟಲಿನ ತನಕ ಬಂದಿತ್ತು. ಅಷ್ಟರಲ್ಲಿ ಗಿಣಿ ಅಮ್ಮನನ್ನು ಒರೆಸಿದ ಬೇಸಿನ್ ಹಿಡಿದು ಹೊರಗೆ ಬಂದಳು. "ನನಗೇ ಓದೋದಂದ್ರೆ ಆಗಲ್ಲ" ಅಂದಳು. ಅಷ್ಟೇ. ನೀರು ಚೆಲ್ಲಲು ಹಿತ್ತಲಿಗೆ ಹೋದಳು.

ಒಳಗಿನಿಂದ ಅಮ್ಮ ಕಿರುಚಿದಳು. "ಆರು ಒತ್ತಬೇಡ! ಆರು ಒತ್ತಬೇಡ ಕಣಮ್ಮಾ!" ಅವಳಲ್ಲಿ ಅಷ್ಟು ದನಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. ಆ ಹುಡುಗಿ ಬೆಚ್ಚಿಬಿದ್ದು, "ಅಜ್ಜಿಗೆ ನಂಬರ್ ಹೇಗೆ ಗೊತ್ತು?" ಅಂದಳು. ಒತ್ತಿ ಆಗಿತ್ತು. "ತಿದ್ದಮ್ಮ, ಅದು ಸುಳ್ಳು" ಅಂದೆ. ಪಾಪ, ಬೆರಳಿನಿಂದ ಎರಡು ಮೂರು ಸಲ ಉಜ್ಜಿ ನೋಡಿದಳು. "ಹಿಂದಕ್ಕೆ ಹೋಗಲ್ಲ ಅಕ್ಕಾ. ಮೇಲಿನವರು ಹಾಗೆ ಮಾಡಿಟ್ಟಿದ್ದಾರೆ" ಅಂದಳು.

ಅವಳು ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದು ಎಲ್ಲ ಹೇಳಿದಳು, ನೀನು ಬರೆದ ಪಟ್ಟಿ, ಅವಳು ತುಂಬಿದ ಆರುಗಳು, ನನ್ನ ಸಾಲು, ಎಲ್ಲ. ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು, ಯಂತ್ರದ ಮುಂದೆ ಕೂತು ಎರಡು ಗಂಟೆ ಗುಂಡಿ ಹೊಲಿದೆ. ನೀನೂ ಕಾಯುತ್ತಿರಬೇಡ; ನಿನ್ನನ್ನು ಬೈಯಲು ಬರೆಯುತ್ತಿಲ್ಲ. ದಡ್ಡಿ ಅಂದದ್ದಕ್ಕೆ ನಾನೇ ತಾನೇ ನಕ್ಕಿದ್ದು.

ಆದರೆ ಆ ಸಮೀಕ್ಷೆಯವಳ ಟ್ಯಾಬಿನಲ್ಲಿ ಹಿಡಿಸದೇ ಹೋದದ್ದನ್ನು ನಿನಗಾದರೂ ಹೇಳಬೇಕು. ಗಿಣಿಯ ಪುಸ್ತಕಗಳು ಅವಳ ಹಾಸಿಗೆಯ ಕೆಳಗೆ ಇವೆ. ನಾನೂ ಹಾಗೇ ಇಟ್ಟಿದ್ದೆ. ರಾತ್ರಿ ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ತೆಗೆದು ಲೆಕ್ಕ ಮಾಡುತ್ತಿದ್ದೆ, ನೀನು ಪಕ್ಕದಲ್ಲೇ ನಿದ್ದೆ ಮಾಡುತ್ತಿದ್ದೆ. ಪುಸ್ತಕ ಮುಗಿಯುವ ತನಕ ಮಾಡಿದೆ, ಮುಂದಿನ ತರಗತಿಯದು ಇರಲಿಲ್ಲ.

ನನಗೆ ಓದೋದು ಇಷ್ಟ ಇತ್ತು ಕಣೇ. ತುಂಬಾ ಇಷ್ಟ ಇತ್ತು.

ನಿನ್ನ ಅಕ್ಕ